ಪಡಿತರದ ಕಾಲದ ಹಬ್ಬದೂಟ

ಗೃಹಕೃತ್ಯದ ಪಾಠಗಳಲ್ಲಿ ಹಬ್ಬದ ಅಡಿಗೆಯನ್ನು ಕಲಿಸುವಾಗ ಸಾಮಗ್ರಿಗಳೆಲ್ಲವೂ ಕೈಯಲ್ಲಿವೆಯೆಂದೇ ಭಾವಿಸಿ ಅಳತೆ ಹೇಳುವುದು ವಾಡಿಕೆ. ಸಾಮಗ್ರಿಯೇ ಇಲ್ಲದಾಗ ಗೃಹಿಣಿಯು ಮಾಡತಕ್ಕದ್ದೇನು? ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ತಾಯಂದಿರಿಗೆ ಈ ಪ್ರಶ್ನೆಯು ವರ್ಷವರ್ಷವೂ ಕ್ರಿಸ್ಮಸ್ಸಿನೊಡನೆ ಬಂದೊದಗುತ್ತಿತ್ತು.

ಆ ದೇಶವು ತನ್ನ ಆಹಾರದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಹಡಗುಗಳಲ್ಲಿ ತರಿಸಿಕೊಳ್ಳುತ್ತಿತ್ತು. ಶತ್ರುಗಳು ಆ ಹಡಗುಗಳನ್ನು ಮುಳುಗಿಸತೊಡಗಲು, 1940ರ ಜನವರಿ 8ರಿಂದ ಸಕ್ಕರೆ, ಬೆಣ್ಣೆ, ಉಪ್ಪಿನಲ್ಲಿ ಹದಮಾಡಿದ ಹಂದಿಮಾಂಸ ಇವು ಪಡಿತರಕ್ಕೊಳಪಟ್ಟವು. ಯುದ್ಧದ ಬಹುಭಾಗದಲ್ಲಿ ಒಬ್ಬರಿಗೆ ವಾರಕ್ಕೆ ದೊರೆತ ಸಕ್ಕರೆಯು 8 ಔನ್ಸು, ಎಂದರೆ ಸುಮಾರು 225 ಗ್ರಾಂ. ಬೆಣ್ಣೆಯು 2 ಔನ್ಸಿಗೂ ಇಳಿಯಿತು. ಮೊಟ್ಟೆ ಸಾಮಾನ್ಯವಾಗಿ ಒಂದೇ ಒಂದು. ಪುಡಿಂಗಿಗೂ ಕೇಕಿಗೂ ಇವೇ ಜೀವಾಳವಲ್ಲವೇ! 1940ರ ಕ್ರಿಸ್ಮಸ್ಸಿಗೆ ಆಹಾರಮಂತ್ರಿ ಲಾರ್ಡ್ ವುಲ್ಟನ್ನರು ಒಂದು ವಾರದ ಮಟ್ಟಿಗೆ 4 ಔನ್ಸು ಸಕ್ಕರೆಯನ್ನೂ 2 ಔನ್ಸು ಚಹವನ್ನೂ ಹೆಚ್ಚಾಗಿ ಕೊಡಿಸಿದಾಗ ಅದು ದೊಡ್ಡ ಉಡುಗೊರೆಯೆನಿಸಿತು.

ಪುಡಿಂಗಿಗೆ ಗಜ್ಜರಿಯನ್ನು ತುರಿದು ಸೇರಿಸಿದರು. ಅದರ ಸಹಜವಾದ ಸಿಹಿಯು ಸಕ್ಕರೆಯನ್ನು ಉಳಿಸಿತು. ಅದರ ತೇವವು ಪಾಕವು ಒಣಗದಂತೆ ಕಾಯ್ದಿತು. ಬಾದಾಮಿಯ ಮಾರ್ಜಿಪಾನಿಗೆ ಬದಲಾಗಿ ಸೋಯಾ ಹಿಟ್ಟು, ಮಾರ್ಗರೀನು, ತುಸು ಸಕ್ಕರೆಗಳನ್ನು ಕಲಸಿ ಬಾದಾಮಿಯ ಎಸೆನ್ಸಿನ ಹನಿಗಳನ್ನು ಬೆರೆಸಿದರು. ಹೆಬ್ಬಾತು ದೊರೆಯದ ಮನೆಗಳಲ್ಲಿ ಆಲೂಗಡ್ಡೆ, ಸೇಬು, ಚೀಸುಗಳನ್ನು ಪದರಪದರವಾಗಿ ಬೇಯಿಸಿ 'ಹುಸಿ ಹೆಬ್ಬಾತು' ಎಂದು ಬಡಿಸಿದರು. ಆ ಹೆಸರಿನ ಧೈರ್ಯವನ್ನು ಮೆಚ್ಚತಕ್ಕದ್ದೇ!

ಮದುವೆಯ ಕಷ್ಟವು ಬೇರೆ. ಬೆಂದ ಕೇಕಿನ ಮೇಲೆ ಸಕ್ಕರೆಯ ಲೇಪವನ್ನು 1940ರ ಆಗಸ್ಟಿನಲ್ಲಿ ಸರಕಾರವು ನಿಷೇಧಿಸಿತು. ಆಗ ಬೇಕರಿಗಳವರು ರಟ್ಟಿನಿಂದ ಬಿಳಿಯ ಅಂತಸ್ತಿನ ಕೇಕುಗಳನ್ನು ಮಾಡಿ ಬಾಡಿಗೆಗೆ ಕೊಡತೊಡಗಿದರು. ಒಳಗೆ ಚಿಕ್ಕದೊಂದು ಕೇಕು. ಇದು ಪೊಳ್ಳು ಆಡಂಬರವೆನ್ನುವವರುಂಟು. ನಮಗೆ ಹಾಗೆ ತೋರುವುದಿಲ್ಲ. ಬಂಧುಗಳೂ ನೆರೆಯವರೂ ತಂತಮ್ಮ ಪಾಲಿನಿಂದ ಕೊಟ್ಟ ಸಕ್ಕರೆ, ಒಣದ್ರಾಕ್ಷಿಗಳಿಂದಲೇ ಎಷ್ಟೋ ಮದುವೆಗಳಲ್ಲಿ ಆ ಚಿಕ್ಕ ಕೇಕು ಆದದ್ದು.

ಬಡವ ಬಲ್ಲಿದರೆನ್ನದೆ ಪಾಲು ಒಂದೇ ಎಂಬುದೇ ಈ ಏರ್ಪಾಡಿನ ಬಲ. ಗರ್ಭಿಣಿಯರಿಗೂ ಶಿಶುಗಳಿಗೂ ಹಾಲು ಮೊದಲು ಸಲ್ಲುತ್ತಿತ್ತು. ಆದರೆ ಅದೇ ಸಾಮ್ರಾಜ್ಯದೊಳಗಿನ ನಮ್ಮ ಬಂಗಾಳದಲ್ಲಿ, 1942ರಲ್ಲಿ ಬರ್ಮಾದ ಅಕ್ಕಿಯು ನಿಂತು ಬೆಲೆಯೇರಿದಾಗ, ಈ ನ್ಯಾಯವು ಸಕಾಲಕ್ಕೆ ನಡೆಯಲಿಲ್ಲ. 1943ರ ಕ್ಷಾಮದಲ್ಲಿಯೂ ಅದರ ಬೆನ್ನಿಗೆ ಬಂದ ರೋಗಗಳಲ್ಲಿಯೂ 20–30 ಲಕ್ಷ ಜನರು ಮಡಿದರು; ಕಲ್ಕತ್ತೆಯಲ್ಲಿ ಪಡಿತರವು ಆರಂಭವಾದದ್ದು 1944ರ ಜನವರಿಯಲ್ಲಿ. ಪಡಿತರವೆಂದರೆ ಕೇವಲ ಕೊರತೆಯೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಯುದ್ಧ ಮುಗಿದೊಡನೆ ಬ್ರಿಟನ್ನಿನಲ್ಲಿ ಪಡಿತರವು ಮುಗಿಯಲಿಲ್ಲ. ಯುದ್ಧದಲ್ಲಿ ಎಂದೂ ಪಡಿತರಕ್ಕೊಳಪಡದ ಬ್ರೆಡ್ಡು 1946ರಿಂದ 1948ರವರೆಗೆ ಒಳಪಟ್ಟಿತು. 1947ರ ನವೆಂಬರ್ 20ರಂದು ರಾಜಕುಮಾರಿ ಎಲಿಜಬೆತ್ತಳ ವಿವಾಹದ ಕೇಕಿಗೆ ಸಾಮಗ್ರಿ ಕಳುಹಿಸಿದವರು ಆಸ್ಟ್ರೇಲಿಯದ ಗರ್ಲ್ ಗೈಡುಗಳು! ಸಕ್ಕರೆಯ ಕಟ್ಟು 1953ರಲ್ಲಿ ಸಡಿಲಿತು. ಮಾಂಸದ್ದು 1954ರ ಜುಲೈ 4ರಂದು. ಆ ವರ್ಷದ ಕ್ರಿಸ್ಮಸ್ಸಿನಲ್ಲಿ, 1939ರ ತರುವಾಯ ಮೊದಲ ಬಾರಿಗೆ, ತಾಯಂದಿರು ಪಡಿತರದ ಪುಸ್ತಕವಿಲ್ಲದೆ ಅಂಗಡಿಗೆ ಹೋದರು.