ಲಂಡನ್ನಿನಲ್ಲಿ ಹಳೆಯ ಪೂಜಾ ಸಾಮಗ್ರಿಗಳ ವಿಸರ್ಜನೆ

ಭಿನ್ನವಾದ ವಿಗ್ರಹ, ಬಣ್ಣ ಮಾಸಿದ ದೇವರ ಪಟ, ಒಣಗಿದ ನಿರ್ಮಾಲ್ಯ ಇವನ್ನು ಹರಿಯುವ ನೀರಿಗೆ ಬಿಡುವುದು ಊರಿನ ರೂಢಿ. ಲಂಡನ್ನಿನಲ್ಲಿ ಆ ಯೋಚನೆ ಸಹಜವಾಗಿ ಥೇಮ್ಸ್ ನದಿಯತ್ತ ಹೋಗುತ್ತದೆ. ಆದರೆ ಟೆಡಿಂಗ್ಟನ್ನಿನಿಂದ ಕೆಳಗೆ ಥೇಮ್ಸ್‌ಗೆ ಸಮುದ್ರದ ಉಬ್ಬರವಿಳಿತವಿದೆ. ದಿನಕ್ಕೆರಡು ಸಲ ನೀರು ಇಳಿದಾಗ, ಮುಳುಗಿಸಿದ ಪುಟ್ಟ ಮೂರ್ತಿ, ತಾಮ್ರದ ಯಂತ್ರ, ಹಣತೆಗಳು ಕೆಸರಿನ ದಂಡೆಯಲ್ಲಿ ಕಾಲಿಗೆ ಸಿಗುತ್ತವೆ. ಪೂಜೆಗೊಂಡ ಮೂರ್ತಿಗೆ ಇದು ಖಂಡಿತ ಗೌರವವಲ್ಲ. 1990ರ ಪರಿಸರ ಸಂರಕ್ಷಣಾ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ನದಿ, ಕೆರೆಗಳಿಗೆ ಕಸ ಎಸೆಯುವುದೂ ಅಪರಾಧ.

ಮನೆಯಲ್ಲೇ ಉದ್ವಾಸನೆ ಮಾಡಿ, ಅಕ್ಷತೆ ಹಾಕಿ, ಮೂರ್ತಿಯನ್ನು ತುಸು ಉತ್ತರಕ್ಕೆ ಸರಿಸಿದರೆ ದೇವರನ್ನು ಬೀಳ್ಕೊಟ್ಟಂತೆ. ಉಳಿಯುವುದು ಮಣ್ಣು, ಲೋಹ, ಕಾಗದ.

ಬಣ್ಣ ಹಚ್ಚದ ಹಸಿಮಣ್ಣಿನ ಗಣಪ ಬಕೆಟ್ ನೀರಿನಲ್ಲಿ ಮೆಲ್ಲಗೆ ಪದರಪದರವಾಗಿ ಕರಗುತ್ತಾನೆ. ಆ ನೀರು ಗಿಡದ ಬುಡಕ್ಕೆ. ಪ್ಲಾಸ್ಟರಿನ ಮೂರ್ತಿ ಹೀಗೆ ಕರಗದು, ಆದ್ದರಿಂದ ಕೊಳ್ಳುವಾಗಲೇ ಜೇಡಿಮಣ್ಣಿನದನ್ನು ಕೇಳುವುದು ಲೇಸು. ನಿರ್ಮಾಲ್ಯವನ್ನು ದಾರ, ಜರಿ ಬಿಡಿಸಿ ಗೊಬ್ಬರಕ್ಕೆ ಹಾಕಬಹುದು. ಪಟದ ಗಾಜು, ಚೌಕಟ್ಟು ಬೇರ್ಪಡಿಸಿ, ಸಾದಾ ಕಾಗದದ ಚಿತ್ರವನ್ನು ಲಕೋಟೆಯಲ್ಲಿಟ್ಟು ಕಾಗದದ ಮರುಬಳಕೆಗೆ ಕೊಡಬಹುದು. ಜರಿ, ಪ್ಲಾಸ್ಟಿಕ್ ಲೇಪವಿದ್ದದ್ದು ಅಲ್ಲಿ ಸಲ್ಲದು. ಹಿತ್ತಾಳೆ, ತಾಮ್ರಕ್ಕೆ ಕೌನ್ಸಿಲ್‌ನ ಮರುಬಳಕೆ ಕೇಂದ್ರದ ಲೋಹದ ತೊಟ್ಟಿಯಿದೆ. ಗಟ್ಟಿಯಿರುವ ವಿಗ್ರಹ, ಸ್ತೋತ್ರ ಪುಸ್ತಕಗಳನ್ನು ದೇವಸ್ಥಾನಕ್ಕೆ ಕೊಡಬಹುದು; ಹೇಳದೆ ಕೇಳದೆ ಬಾಗಿಲಲ್ಲಿಟ್ಟು ಬರದೆ, ಮೊದಲು ಅಲ್ಲಿಯವರನ್ನು ವಿಚಾರಿಸಬೇಕು.