ಕ್ಲ್ಯಾಂಪ್ ಬಿಚ್ಚುವ ಮುನ್ನ

ನೋಡಮ್ಮ, ನಾಳೆಯಿಂದ ನೀನು ಕಿಡ್ನಿ ಕಸಿಯ ತಂಡದಲ್ಲಿರುತ್ತೀ. ಓ.ಟಿ.ಯಲ್ಲಿ ಎಲ್ಲರೂ ಒಂದು ಗಳಿಗೆಗಾಗಿ ಕಾಯುತ್ತಾರೆ: ಸರ್ಜನ್ ಕ್ಲ್ಯಾಂಪ್ ಬಿಚ್ಚುತ್ತಾರೆ, ಬಿಳಿಚಿಕೊಂಡಿದ್ದ ಕಿಡ್ನಿ ಕೆಂಪೇರುತ್ತದೆ, ಎಲ್ಲರ ಮುಖವೂ ಅರಳುತ್ತದೆ. ನೀನು ಮಾತ್ರ ಮೈಮರೆಯಬೇಡ. ಪೆಟ್ಟಿನ ಎರಡನೇ ಕಂತು ಶುರುವಾಗುವುದೇ ಆಗ.

ಕಿಡ್ನಿಗಳಿಗೆ ರಕ್ತಕ್ಕೇನೂ ಬರವಿಲ್ಲ. ಹೃದಯ ನಿಮಿಷಕ್ಕೆ ತಳ್ಳುವ ಐದು ಲೀಟರಿನಲ್ಲಿ ಸುಮಾರು ಒಂದು ಲೀಟರು ಅವುಗಳ ಪಾಲು. ಆದರೂ ಒಳಪದರ ಸದಾ ಅರೆಹೊಟ್ಟೆಯಲ್ಲೇ ದುಡಿಯುತ್ತದೆ. ಹೊರಪದರದಲ್ಲಿ ಆಮ್ಲಜನಕದ ಒತ್ತಡ 50 ಮಿ.ಮೀ. ಆಸುಪಾಸು, ಒಳಗೆ 10ರಿಂದ 20. ರಕ್ತ ನಿಂತರೆ ಮೊದಲು ಕುಸಿಯುವುದು ಅಲ್ಲಿನ ನಳಿಕೆಗಳೇ. ಎ.ಟಿ.ಪಿ. ಮುಗಿಯುತ್ತದೆ, ಸೋಡಿಯಂ ಪಂಪು ನಿಲ್ಲುತ್ತದೆ, ಕೋಶ ಊದಿಕೊಳ್ಳುತ್ತದೆ. ಹೈಪೋಕ್ಸಾಂಥಿನ್, ಸಕ್ಸಿನೇಟ್ ಒಳಗೇ ರಾಶಿ ಬೀಳುತ್ತವೆ. ಆಮ್ಲಜನಕ ಮರಳಿ ಸಿಕ್ಕಿದ್ದೇ ತಡ, ಅದೇ ರಾಶಿಯಿಂದ ಸೂಪರಾಕ್ಸೈಡ್ ಹುಟ್ಟಿ ಮೈಟೊಕಾಂಡ್ರಿಯಾವನ್ನೇ ಹಾಳುಮಾಡುತ್ತದೆ. ಹಿಂದೆಯೇ ಬಿಳಿ ರಕ್ತಕಣಗಳು ಮುತ್ತುತ್ತವೆ. ಬರಗಾಲದಲ್ಲಿ ಬಿರುಕುಬಿಟ್ಟ ಏರಿಗೆ ಒಮ್ಮೆಲೇ ನೆರೆ ಬಂದರೆ ಕೆರೆ ತುಂಬುವ ಮೊದಲು ಏರಿಯೇ ಕೊಚ್ಚಿಹೋಗುತ್ತದಲ್ಲ, ಹಾಗೆ.

ಇದಕ್ಕೊಂದು ಮದ್ದು ಇರಬೇಕಲ್ಲ ಅಂತ ನಿನಗನ್ನಿಸುತ್ತೆ. ನಮ್ಮ ಕಾಲದಲ್ಲಿ ಕಿಡ್ನಿ ಕಾಯುತ್ತದೆಂದು ಡೋಪಮಿನ್ ಡ್ರಿಪ್ಪನ್ನು ಸಿಕ್ಕಸಿಕ್ಕವರಿಗೆಲ್ಲ ಹಾಕುತ್ತಿದ್ದರು. 2000ದಲ್ಲಿ ಆಸ್ಟ್ರೇಲಿಯಾ–ನ್ಯೂಜಿಲೆಂಡಿನ ಐ.ಸಿ.ಯು. ವೈದ್ಯರು ಸರಿಯಾಗಿ ಪರೀಕ್ಷಿಸಿ, ಪ್ರಯೋಜನವಿಲ್ಲ ಎಂದು ತೋರಿಸಿದರು. ಲ್ಯಾಸಿಕ್ಸ್ ಕೊಟ್ಟರೆ ಚೀಲದಲ್ಲಿ ಮೂತ್ರ ಕಾಣುತ್ತದೆ, ವಾರ್ಡಿಗೆ ಖುಷಿ. ಕಿಡ್ನಿಗೆ ಏನೂ ಆಗಿರುವುದಿಲ್ಲ. ಇಲಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತ ಮದ್ದುಗಳು ಲೆಕ್ಕವಿಲ್ಲದಷ್ಟಿವೆ. ಇಲಿ ಎಳೆಯದು, ಆರೋಗ್ಯವಾಗಿರುತ್ತದೆ, ಮದ್ದನ್ನೂ ಎಷ್ಟೋ ಸಲ ಮೊದಲೇ ಕೊಟ್ಟಿರುತ್ತಾರೆ. ನಿನ್ನ ರೋಗಿಗೆ ಅರವತ್ತು ದಾಟಿರುತ್ತದೆ, ಸಕ್ಕರೆ ಕಾಯಿಲೆ ಬೇರೆ.

ನಂಬಬಹುದಾದ್ದು ತಂಪು, ಹೊತ್ತು, ಬಿ.ಪಿ. ಹತ್ತು ಡಿಗ್ರಿ ತಂಪಾದರೆ ಕೋಶದ ಹಸಿವು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಬೆಲ್ಜರ್ ಮತ್ತು ಸೌತಾರ್ಡ್ 1980ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ರೂಪಿಸಿದ ದ್ರಾವಣ ತಂಪಿನಲ್ಲಿ ಕೋಶ ಊದದಂತೆ ತಡೆಯುತ್ತದೆ. ಹಾಗಂತ ಐಸಿನಲ್ಲಿದೆಯಲ್ಲ ಎಂದು ನಿಧಾನಿಸಬೇಡ. ಅಲ್ಲಿಯೂ ಗಂಟೆ ಗಂಟೆಗೆ ಹಾನಿ ಕೂಡುತ್ತಲೇ ಇರುತ್ತದೆ. ರಾಜ್ಯದಲ್ಲಿ ಅಂಗಾಂಗ ಹಂಚುವ ಸಂಸ್ಥೆ ಜೀವಸಾರ್ಥಕತೆಯಿಂದ ಕರೆ ಬಂದರೆ ಪೊಲೀಸರು ಬೆಂಗಳೂರಿನ ಟ್ರಾಫಿಕ್ಕನ್ನೇ ಸರಿಸಿ ಆಂಬುಲೆನ್ಸಿಗೆ ದಾರಿ ಬಿಡಿಸುತ್ತಾರೆ. ಹೊತ್ತು ಪೋಲಾಗುವುದು ಬಹಳ ಸಲ ನಮ್ಮ ಗೇಟಿನ ಒಳಗೆ: ಕ್ರಾಸ್‌ಮ್ಯಾಚ್ ರಿಪೋರ್ಟ್ ಬಂದಿಲ್ಲ, ರೋಗಿಯ ಡಯಾಲಿಸಿಸ್ ಮುಗಿದಿಲ್ಲ, ಓ.ಟಿ. ಖಾಲಿಯಿಲ್ಲ. ಆ ಫೋನುಗಳನ್ನೆಲ್ಲ ನೀನೇ ಮಾಡು, ಇನ್ನೊಬ್ಬರು ಮಾಡಿಯಾರೆಂದು ಕೂರಬೇಡ.

ಕ್ಲ್ಯಾಂಪ್ ಬಿಚ್ಚುವ ಮೊದಲೇ ಅನಸ್ತೇಷಿಯಾದವರ ಜೊತೆ ಮಾತಾಡು. ಬಿ.ಪಿ. ಬಿದ್ದ ಮೇಲೆ ಓಡಾಡುವುದಲ್ಲ, ರಕ್ತನಾಳ ತುಂಬಿಕೊಂಡಿರಬೇಕು. ಯಾವ ದ್ರವ ಎನ್ನುವುದೂ ಮುಖ್ಯ ಕಣಮ್ಮ. 2023ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಮೃತ ದಾನಿಗಳ ಕಿಡ್ನಿ ಪಡೆದವರ ಪೈಕಿ ಮಾಮೂಲಿ ಸಲೈನ್ ಹಾಕಿದ ನೂರಕ್ಕೆ 40 ಮಂದಿಗೆ ಮೊದಲ ವಾರದಲ್ಲಿ ಡಯಾಲಿಸಿಸ್ ಬೇಕಾಯಿತು. ಪ್ಲಾಸ್ಮಾಲೈಟ್ ಹಾಕಿದವರಲ್ಲಿ 30. ದುಬಾರಿ ಮದ್ದುಗಳು ಮಾಡಲಾಗದ್ದನ್ನು ಒಂದು ಡ್ರಿಪ್ ಬಾಟಲಿ ಮಾಡಿತು.

ಕ್ಯಾಶುಯಲ್ಟಿಗೆ ಹಾಕಿದರೂ ಇದನ್ನು ಮರೆಯಬೇಡ. 1941ರಲ್ಲಿ ಲಂಡನ್ನಿನ ಬೈವಾಟರ್ಸ್ ಮತ್ತು ಬೀಲ್ ಬರೆದಿಟ್ಟಿದ್ದಾರೆ: ಬಾಂಬಿಗೆ ಕುಸಿದ ಮನೆಗಳಡಿಯಿಂದ ಜೀವಂತ ತೆಗೆದವರು ಕೆಲವು ದಿನಗಳಲ್ಲಿ ಕಿಡ್ನಿ ಸೋತು ಸತ್ತರು. ಜಜ್ಜಿದ ಕಾಲಿಗೆ ರಕ್ತ ಮರಳಿದಾಗ ಸ್ನಾಯುವಿನ ಮಯೊಗ್ಲೊಬಿನ್, ಪೊಟ್ಯಾಸಿಯಂ ಮೈಯೆಲ್ಲ ಹರಿಯುತ್ತವೆ. ಆದ್ದರಿಂದ ಕೈ ಸಿಗುವಂತಿದ್ದರೆ ಚಪ್ಪಡಿ ಎತ್ತುವ ಮುಂಚೆಯೇ ಡ್ರಿಪ್ ಶುರುವಾಗಬೇಕು.

ಇಷ್ಟೆಲ್ಲ ಮಾಡಿಯೂ ಕೆಲವೊಮ್ಮೆ ಹೊಸ ಕಿಡ್ನಿ ಮೂತ್ರ ಹಾಕುವುದಿಲ್ಲ. ಮನೆಯವರು ಬಾಗಿಲಲ್ಲಿ ಹಿಡಿದು ಕೇಳುತ್ತಾರೆ. ನಳಿಕೆಯ ಕೋಶಗಳು ಮತ್ತೆ ಬೆಳೆಯುತ್ತವೆ, ವಾರಗಳು ಬೇಕಾಗಬಹುದು, ಅಲ್ಲಿಯವರೆಗೆ ಡಯಾಲಿಸಿಸ್ ಎಂದು ನಿಂತು ಹೇಳು. ಆಮೇಲೆ ಒಳಗೆ ಹೋಗಿ ಔಷಧಿ ಚಾರ್ಟ್ ನೋಡು. ನೋವಿಗೆಂದು ಯಾರಾದರೂ ಡೈಕ್ಲೋಫೆನಾಕ್ ಬರೆದಿದ್ದರೆ ಹೊಡೆದುಹಾಕು. ಅದು ಕಿಡ್ನಿಗೆ ಹೋಗುವ ರಕ್ತನಾಳವನ್ನೇ ಬಿಗಿಯುತ್ತದೆ.