ಮನೆಯ ಹಿರಿಯರಿಗೆ ಒಡನಾಟವೂ ಆಹಾರದಷ್ಟೇ ಅಗತ್ಯ

ಕುಟುಂಬ ಕಲ್ಯಾಣವೆಂದರೆ ತಾಯಿ ಮತ್ತು ಮಕ್ಕಳ ಆರೋಗ್ಯ ಮಾತ್ರವೆಂದು ಹಲವರು ತಿಳಿದಿದ್ದಾರೆ. ಮನೆಯಲ್ಲಿರುವ ಅಜ್ಜ ಅಜ್ಜಿಯರೂ ಆ ಕುಟುಂಬಕ್ಕೆ ಸೇರಿದವರೇ. ಹೊತ್ತಿಗೆ ಸರಿಯಾಗಿ ಊಟವಿಟ್ಟರೆ ತಮ್ಮ ಕರ್ತವ್ಯ ಮುಗಿಯಿತೆಂದು ದಂಪತಿಗಳು ಭಾವಿಸಬಾರದು. ನೆರೆಹೊರೆಯವರ ಮಾತು, ಗೆಳೆಯರ ಸಹವಾಸ, ದೇವರ ಸನ್ನಿಧಿ ಇವೂ ವೃದ್ಧರ ಆರೋಗ್ಯವನ್ನು ಕಾಪಾಡುತ್ತವೆ. ಇವು ತಪ್ಪಿದಾಗ ಏನು ಮಾಡಬೇಕೆಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಉದಾಹರಣೆ

ಒಂದು ಹಳ್ಳಿಯಲ್ಲಿ ಶಾಲಾ ಮುಖ್ಯೋಪಾಧ್ಯಾಯರೊಬ್ಬರು ೬೦ ವರ್ಷ ತುಂಬಿ ನಿವೃತ್ತರಾದರು. ಪ್ರತಿದಿನ ಸಂಜೆ ಅರಳಿಕಟ್ಟೆಯಲ್ಲಿ ಕುಳಿತು ಗೆಳೆಯರಿಗೆ ವೃತ್ತಪತ್ರಿಕೆಯನ್ನು ಓದಿ ಹೇಳುತ್ತಿದ್ದರು. ಯಾರ ಮನೆಯ ಹಸು ಕರು ಹಾಕಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಕೆರೆಗೆ ಎಷ್ಟು ನೀರು ಬಂತು ಎಂಬ ಸುದ್ದಿಯೊಡನೆ ಮನೆಗೆ ಮರಳುತ್ತಿದ್ದರು. ಶನಿವಾರದ ಭಜನೆಯನ್ನು ತಪ್ಪಿಸುತ್ತಿರಲಿಲ್ಲ.

ಕೆಲವು ವರ್ಷಗಳ ಬಳಿಕ ಮೊದಲು ಪತ್ರಿಕೆ ಓದುವುದು ನಿಂತಿತು. ಅನಂತರ ಕಟ್ಟೆಗೆ ಹೋಗುವುದು ನಿಂತಿತು. ಕಡೆಗೆ ಭಜನೆಯೂ ನಿಂತು, ಊಟ ಕಡಿಮೆಯಾಯಿತು. “ಅರವತ್ತಕ್ಕೆ ಅರಳು ಮರಳು” ಎಂದುಕೊಂಡು ಮಗ ಸೊಸೆ ಸುಮ್ಮನಾದರು. ಎರಡು ವರ್ಷ ಹೀಗೆಯೇ ಕಳೆಯಿತು. ಒಂದು ರಾತ್ರಿ ಹಿತ್ತಲಿನ ಮೆಟ್ಟಿಲಲ್ಲಿ ಎಡವಿ ಬಿದ್ದು ಮುಂಗೈ ಮುರಿದಾಗ ಅವರನ್ನು ಆರೋಗ್ಯ ಕೇಂದ್ರಕ್ಕೆ ಕರೆತಂದರು.

ಪರೀಕ್ಷಿಸಿ ನೋಡಿದರೆ ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆದಿತ್ತು. ಅಕ್ಷರ ಕಾಣದೆ ಪತ್ರಿಕೆಯನ್ನು ಬಿಟ್ಟಿದ್ದರು; ಎದುರಿನವರ ಗುರುತು ಹತ್ತದೆ, ನಾಚಿಕೆಪಟ್ಟು ಕಟ್ಟೆಯನ್ನೂ ಬಿಟ್ಟಿದ್ದರು. ಅವರು ಯಾರಿಗೂ ಹೇಳಿರಲಿಲ್ಲ; ಮನೆಯವರು ಕೇಳಿಯೂ ಇರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ದೃಷ್ಟಿ ಮರಳಿತು. ಆದರೆ ಅವರು ಕಟ್ಟೆಗೆ ಹಿಂತಿರುಗುವ ವೇಳೆಗೆ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಬಾಲ್ಯದ ಗೆಳೆಯರು ತೀರಿಕೊಂಡಿದ್ದರು. ಕಣ್ಣನ್ನು ಸರಿಪಡಿಸಬಹುದಾಗಿತ್ತು, ಕಳೆದ ಎರಡು ವರ್ಷಗಳನ್ನು ತಂದುಕೊಡುವುದು ಯಾವ ವೈದ್ಯನಿಗೂ ಸಾಧ್ಯವಿಲ್ಲ.

ಒಡನಾಟ ಏಕೆ ಬೇಕು?

ನೌಕರಿಯಿಂದ ನಿವೃತ್ತರಾದಾಗ ಅಥವಾ ಹೊಲದ ಆಡಳಿತವನ್ನು ಮಗನಿಗೆ ಒಪ್ಪಿಸಿದಾಗ ಮನುಷ್ಯನ ದಿನಚರಿಯೇ ಬದಲಾಗುತ್ತದೆ. ಆಗ ಕಟ್ಟೆಯವರೆಗಿನ ನಡಿಗೆ ಕಾಲುಗಳಿಗೆ ವ್ಯಾಯಾಮ. ಗೆಳೆಯರೊಡನೆ ಮಾತು ನೆನಪಿನ ಶಕ್ತಿಗೆ ವ್ಯಾಯಾಮ. ಒಂಟಿತನದಿಂದ ಹೃದಯದ ಕಾಯಿಲೆ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ ಮತ್ತು ಮರೆವಿನ ಅಪಾಯ ಹೆಚ್ಚುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೫ರ ವರದಿಯಲ್ಲಿ ತಿಳಿಸಿದೆ.

ಅಜ್ಜಿಯರ ವಿಷಯವನ್ನು ಮರೆಯಬಾರದು. ನಲ್ಲಿ ನೀರು ಮನೆಗೇ ಬಂದಲ್ಲಿ ಬಾವಿಕಟ್ಟೆಯ ಮಾತುಕತೆ ತಪ್ಪಿದೆ. ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತ ಇಡೀ ದಿನ ಒಳಗೇ ಉಳಿಯುವ ಅಜ್ಜಿಗೂ ಓರಗೆಯವರ ಜೊತೆ ಬೇಕು.

ಕಾರಣವನ್ನು ಹುಡುಕಿರಿ

ಹಿರಿಯರು ಹೊರಗೆ ಹೋಗುವುದನ್ನು ಬಿಟ್ಟರೆ ಅದಕ್ಕೆ ವಯಸ್ಸೇ ಕಾರಣವೆಂದು ತಿಳಿಯಬೇಡಿರಿ. ಕೆಳಗಿನವುಗಳನ್ನು ವಿಚಾರಿಸಿರಿ.

೧. ಕಣ್ಣು: ಪೊರೆಯು ಶಸ್ತ್ರಚಿಕಿತ್ಸೆಯಿಂದ ವಾಸಿಯಾಗುತ್ತದೆ. ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮೂಲಕ ಇದನ್ನು ಉಚಿತವಾಗಿ ಮಾಡಲಾಗುತ್ತಿದೆ.

೨. ಕಿವಿ: ಕೇಳಿಸದವರು ಮಾತಿನಿಂದ ದೂರ ಸರಿಯುತ್ತಾರೆ. ಕೆಲವೊಮ್ಮೆ ಕಿವಿಯಲ್ಲಿ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ. ಕಡ್ಡಿ ಹಾಕಬೇಡಿರಿ, ವೈದ್ಯರಿಗೆ ತೋರಿಸಿರಿ.

೩. ಮೂತ್ರದ ತೊಂದರೆ: ಗಂಡಸರಿಗೆ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುವುದು, ಹೆಂಗಸರಿಗೆ ಕೆಮ್ಮಿದಾಗ ಮೂತ್ರ ಸೋರುವುದು ಅಥವಾ ಗರ್ಭಕೋಶ ಜಾರುವುದು ಉಂಟು. ಸಂಕೋಚದಿಂದ ಇದನ್ನು ಮುಚ್ಚಿಟ್ಟು, ದೇವಸ್ಥಾನಕ್ಕೂ ಹೋಗದಿರುವವರಿದ್ದಾರೆ. ಅತ್ತೆಯನ್ನು ಸೊಸೆಯು, ಮಾವನನ್ನು ಮಗನು ಏಕಾಂತದಲ್ಲಿ ಕೇಳತಕ್ಕದ್ದು. ಇವಕ್ಕೆ ಚಿಕಿತ್ಸೆಯಿದೆ.

೪. ಮಂಡಿನೋವು: ಊರುಗೋಲು ಕೊಡಿರಿ. ನೆಲದ ಮೇಲೆ ಕೂರಲಾರದವರಿಗೆ ಭಜನಾ ಮಂದಿರದಲ್ಲಿ ಒಂದು ಕುರ್ಚಿಯನ್ನು ಇಡಿಸಿರಿ.

೫. ಮನಸ್ಸು: ಬಾಳಸಂಗಾತಿ ಅಥವಾ ಗೆಳೆಯರ ಸಾವಿನಿಂದ ದುಃಖ ಸಹಜ. ಆದರೆ ನಿದ್ರೆ, ಹಸಿವು, ಆಸಕ್ತಿ ಎರಡು ವಾರ ಮೀರಿದರೂ ಮರಳದಿದ್ದರೆ ವೈದ್ಯರನ್ನು ಕಾಣಿರಿ. ಸಾಯುವ ಮಾತನಾಡಿದರೆ ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ. ೧೪೪೧೬ ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯಲ್ಲಿ ಉಚಿತ ಸಲಹೆ ದೊರೆಯುತ್ತದೆ.

ದೈವಭಕ್ತಿ ಮತ್ತು ಔಷಧ

ದೇವಸ್ಥಾನ, ಮಸೀದಿ, ಇಗರ್ಜಿಗಳು ವೃದ್ಧರಿಗೆ ಸಮಾಧಾನವನ್ನೂ ಸಂಗಾತಿಗಳನ್ನೂ ಒದಗಿಸುತ್ತವೆ. ಅವರ ನಂಬಿಕೆಯನ್ನು ಹಾಸ್ಯ ಮಾಡಬಾರದು. ಆದರೆ ಸಕ್ಕರೆ ಕಾಯಿಲೆಯವರು ಏಕಾದಶಿ, ಶಿವರಾತ್ರಿ ಅಥವಾ ರಂಜಾನ್ ಉಪವಾಸಕ್ಕೆ ಮೊದಲು ವೈದ್ಯರ ಸಲಹೆ ಪಡೆಯಲೇಬೇಕು. ಕೆಲವು ಮಾತ್ರೆಗಳನ್ನು ನುಂಗಿ ಅಥವಾ ಇನ್ಸುಲಿನ್ ಚುಚ್ಚಿಸಿಕೊಂಡು ಊಟ ಬಿಟ್ಟರೆ ರಕ್ತದಲ್ಲಿನ ಸಕ್ಕರೆ ಕುಸಿದು ಬೆವರು, ನಡುಕ, ತೊದಲು ಕಾಣಿಸಿಕೊಳ್ಳುತ್ತವೆ. ಎಚ್ಚರವಿದ್ದರೆ ತಕ್ಷಣ ಸಕ್ಕರೆ ನೀರು ಕುಡಿಸಿರಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಿರಿ. ರಕ್ತದೊತ್ತಡದ ಮಾತ್ರೆಯನ್ನು ವ್ರತದ ನೆಪದಿಂದ ತಾವಾಗಿಯೇ ನಿಲ್ಲಿಸಕೂಡದು.

ದಂಪತಿಗಳ ಕರ್ತವ್ಯ

ದಿನಕ್ಕೊಮ್ಮೆಯಾದರೂ ಹಿರಿಯರ ಬಳಿ ಕುಳಿತು “ಊರಲ್ಲಿ ಏನು ಸುದ್ದಿ?” ಎಂದು ಕೇಳಿರಿ. ಕೈಲಾದ ಕೆಲಸವನ್ನು ಅವರಿಗೆ ಬಿಟ್ಟುಕೊಡಿರಿ. ಗೆಳೆಯರು ಬಂದರೆ ಚಾಪೆ ಹಾಸಿ ಒಂದು ಲೋಟ ಮಜ್ಜಿಗೆ ಕೊಡಿರಿ. ಇಂದು ನೀವು ನಡೆದುಕೊಳ್ಳುವ ರೀತಿಯನ್ನು ನಿಮ್ಮ ಮಕ್ಕಳು ನೋಡುತ್ತಿದ್ದಾರೆ. ನಾಳೆ ಆ ಜಗಲಿಯಲ್ಲಿ ಕುಳಿತುಕೊಳ್ಳುವವರು ನೀವೇ.

ಪ್ರಶ್ನೆಗಳು

೧. ನಿಮ್ಮ ಮನೆಯ ಹಿರಿಯರು ಕಳೆದ ಒಂದು ವರ್ಷದಲ್ಲಿ ಯಾವ ರೂಢಿಯನ್ನು ಬಿಟ್ಟಿದ್ದಾರೆ? ಏಕೆಂದು ಕೇಳಿದ್ದೀರಾ?

೨. ಅವರ ಕಣ್ಣು, ಕಿವಿ, ರಕ್ತದೊತ್ತಡಗಳನ್ನು ಕಡೆಯ ಬಾರಿ ಪರೀಕ್ಷೆ ಮಾಡಿಸಿದ್ದು ಯಾವಾಗ?

೩. ಅವರ ಆಪ್ತ ಗೆಳೆಯರು ಯಾರು? ಅವರಿಬ್ಬರೂ ಭೇಟಿಯಾಗಿ ಎಷ್ಟು ದಿನಗಳಾದವು?